ಕಡೆಯ ನುಡಿಯ ಹೆಸರು

ತಾಂಬಾದ ಜನ್ನತಬಿಗೆ ಹಾಲು ಕೊಡುವ ಎಮ್ಮೆಯ ಮೇಲೂ ಸಂಶಯ. ಕರುವಿಗೆಂದು ಒಂದಿಷ್ಟು ಒಳಗೇ ಮುಚ್ಚಿಟ್ಟುಕೊಳ್ಳುತ್ತದೆ ಎಂದು ಅದನ್ನು ಬೈಯುತ್ತಲೇ ಹಿಂಡುತ್ತಿದ್ದಳು. ಅಂಥವಳ ಕಿವಿಗೆ ನೆರೆಮನೆಯ ರಾಜಬಿ ಆ ಸುದ್ದಿ ಹಾಕಿದ ಮೇಲೆ ಕೇಳಬೇಕೆ?

"ದೇವಣಗಾಂವದಾಗ ರಾಚಪ್ಪ ನಿಮ್ಮ ಮನಿಯವರ ಪದ ಹಾಡಿದನಂತ. ಕಡೀ ನುಡಿಯಾಗ ಹೆಸರು ತಿರುವಿದನಂತ ನೋಡು. ನಮ್ಮ ಅಳಿಯ ತಾನ ಕೇಳಿ ಬಂದಾನ."

ಮೊಹರಮ್ಮಿನ ಪದ ಯಾವುದೇ ಇರಲಿ, ಅದರ ಕಡೆಯ ನುಡಿಯಲ್ಲಿ ಕಟ್ಟಿದವನ ಊರು ಮತ್ತು ಹೆಸರು ಬರಲೇಬೇಕು. ಹೊಲಕ್ಕೆ ಒಡೆಯನ ಹೆಸರಿರುವ ಉತಾರ ಹೇಗೋ ಪದಕ್ಕೆ ಆ ಎರಡು ಸಾಲು ಹಾಗೆ. ಪದ ಕದಿಯುವವನು ಬೇರೆ ಏನನ್ನೂ ಮುಟ್ಟುವುದಿಲ್ಲ, ಅಲ್ಲಿಯ ಹೆಸರು ತೆಗೆದು ತನ್ನದನ್ನು ಕೂರಿಸುತ್ತಾನೆ. ನಾಲ್ಕು ಹಂಗಾಮು ಹಾಗೆ ಹಾಡಿದರೆ ಪದ ಅವನದೇ ಆಗಿಬಿಡುತ್ತದೆ. ಕಟ್ಟಿದವನು ಮಣ್ಣಲ್ಲಿ ಮಲಗಿರುತ್ತಾನೆ, ಎದ್ದು ಬಂದು ಜಗಳ ಮಾಡುವುದಿಲ್ಲ.

ಜನ್ನತಬಿಯ ಗಂಡ ಶಮಶುದ್ದೀನ ಹಾಗೆ ಮಲಗಿ ಮೂರು ವರ್ಷವಾಗಿತ್ತು. ಅವನೂ ದೇವಣಗಾಂವದ ರಾಚಪ್ಪನೂ ಮೀಸೆ ಚಿಗುರಿದಾಗಿನಿಂದ ಕೂಡಿ ಹಾಡಿದವರು. ಇವನು ಪದ ಕಟ್ಟಿದರೆ ಅವನು ಅದಕ್ಕೆ ಧಾಟಿ ಹಚ್ಚುತ್ತಿದ್ದ. ಹೀಗಾಗಿ ಕಡೆಯ ನುಡಿಯಲ್ಲಿ ಇಬ್ಬರ ಹೆಸರೂ ಇದ್ದವು:

ಪದ ಕಟ್ಟಿದವ ತಾಂಬಾದ ಶಮಶುದ್ದೀನ,
ಧಾಟಿ ಹಚ್ಚಿದವ ದೇವಣಗಾಂವದ ರಾಚಣ್ಣ.

ಈ ಎರಡನೆಯ ಸಾಲು ಜನ್ನತಬಿಗೆ ಎಂದೂ ಸೇರಿರಲಿಲ್ಲ. ನಿದ್ದೆಗೆಟ್ಟು ಪದ ಕಟ್ಟುವವರು ಇವರು, ಅದರಲ್ಲಿ ಅವನಿಗೇಕೆ ಪಾಲು ಎಂದು ಗಂಡನನ್ನು ಕೇಳಿದ್ದಳು. "ಧಾಟಿ ಇಲ್ಲಂದ್ರ ಪದ ಕಾಲಿಲ್ಲದ ಹೋರಿ ಇದ್ದಂಗ, ಎಲ್ಲಿಗೂ ಹೋಗೂದಿಲ್ಲ" ಎಂದು ಅವನು ನಕ್ಕುಬಿಟ್ಟಿದ್ದ. ಈಗ ನೋಡಿದರೆ ಪಾಲಿಗೆ ಬಂದವನು ಇಡೀ ಹೊಲವನ್ನೇ ಉಳಲು ಹೊರಟಿದ್ದಾನೆ. 

ಸಾಕ್ಷಿ ಮನೆಯಲ್ಲಿಯೇ ಇತ್ತು. ಅಂಗಳದಲ್ಲಿ ಇಬ್ಬರೂ ಕೂತು ಹಾಡಿದ ಪದಗಳನ್ನೆಲ್ಲ ಶಮಶುದ್ದೀನ ತನ್ನ ಗುಂಡಿ ಒತ್ತುವ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಫೋನು ಅವನ ಹಿಂದೆಯೇ ಸತ್ತಿತು, ಮೆಮೊರಿ ಕಾರ್ಡು ಉಳಿದಿತ್ತು. ಅದನ್ನು ಹೊಸ ಫೋನಿಗೆ ಹಾಕಿದರೆ ಪದಗಳ ಸಾಲು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಇರಮಳ ಫೋನಿನಲ್ಲೂ ಅದೇ ಕಥೆ. "ಅವು ಹಳೇ ನಮೂನಿ ಫೈಲ್ ಅದಾವು ಅಮ್ಮಿ. ಎಂಪಿತ್ರೀ ಮಾಡಿಸು, ಎಲ್ಲಾ ಫೋನಿನ್ಯಾಗೂ ಹಾಡ್ತಾವು" ಎಂದಿದ್ದಳು ಇರಮ. ಎಲ್ಲ ಫೋನಿನಲ್ಲೂ ಹಾಡಿದರೆ ಊರೂರಿಗೂ ಗೊತ್ತಾಗುತ್ತದೆ, ಆಗ ರಾಚಪ್ಪ ಮುಖ ಎಲ್ಲಿಟ್ಟುಕೊಳ್ಳುತ್ತಾನೋ ನೋಡೋಣ ಎಂದುಕೊಂಡು ಜನ್ನತಬಿ ಸಿಂದಗಿಯ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಎದುರಿಗಿನ ಮೊಬೈಲ್ ಅಂಗಡಿಯಲ್ಲಿ ಕೂತವನು ಮೂವತ್ತರ ಆಸುಪಾಸಿನ ಸಿದ್ದಲಿಂಗ. ಕಾರ್ಡು ತೆಗೆದುಕೊಂಡು ಕಂಪ್ಯೂಟರಿಗೆ ಚುಚ್ಚಿದ. ಆಗಲೇ ಜನ್ನತಬಿಯ ಕಣ್ಣು ಅವನ ತಲೆಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ಶಾಲು ಹೊದ್ದು ಹಾರ ಹಾಕಿಸಿಕೊಂಡು ನಿಂತಿದ್ದವನು ರಾಚಪ್ಪ.

"ಇವರು ಯಾರು ತಮ್ಮಾ?"

"ನಮ್ಮ ಸೋದರಮಾವರಿ. ದೇವಣಗಾಂವದವ್ರು, ಛಲೋ ಹಾಡ್ತಾರ."

ಹೋಗಿ ಹೋಗಿ ಬೆಕ್ಕಿನ ಕೈಗೇ ಹಾಲು ಕಾಯಲು ಕೊಟ್ಟೆನಲ್ಲ ಎಂದುಕೊಂಡಳು ಜನ್ನತಬಿ. ಕಾರ್ಡು ಕಿತ್ತುಕೊಳ್ಳೋಣವೆಂದರೆ ಅದಾಗಲೇ ಒಳಗೆ ಹೋಗಿತ್ತು. ಅವಳು ಸ್ಟೂಲನ್ನು ಎಳೆದುಕೊಂಡು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತಳು.

"ಒಂದು ಮಾತು ತಮ್ಮಾ. ದನಿ ಬಂದ್ ಮಾಡಿ ಕೆಲಸಾ ಮಾಡು. ನೀ ಕೇಳೂಹಂಗಿಲ್ಲ."

ಸಿದ್ದಲಿಂಗ ಹುಬ್ಬೇರಿಸಿದ, ಆದರೆ ದನಿ ಬಂದ್ ಮಾಡಿದ. ಕೆಲಸ ಮುಗಿದ ಮೇಲೆ ಹೇಳಿದ: "ಒಮ್ಮೆ ಹಚ್ಚಿ ನೋಡ್ರಿ ಅವ್ವಾರ, ಸರಿ ಬಂದಾವೋ ಇಲ್ಲೋ."

"ಮನಿಯಾಗ ನೋಡ್ಕೊಂತೇನಿ. ನಿನ್ನ ಕಂಪ್ಯೂಟರದಾಗ ಉಳದದ್ದು ಅಳಸು."

ಆಗಲೆಂದ.

"ಕಾರ್ಡಿನಾಗಿನ ಹಳೇವೂ ಅಳಸು. ಹೊಸಾವಷ್ಟ ಇರಲಿ."

"ಹಳೇವು ಇರಲಿ ಬಿಡ್ರಿ. ಅಸಲಿ ಅವೇ ಅಲ್ಲೇನ್ರಿ."

ಅಸಲಿ ಉಳಿಸಲು ಇವನಿಗೇಕೆ ಇಷ್ಟು ಅವಸರ? ಈ ಬುದ್ಧಿವಾದ ಕೇಳಿ ಜನ್ನತಬಿಯ ಸಂಶಯ ಗಟ್ಟಿಯಾಯಿತು. "ಅಳಸು ಅಂದ್ರ ಅಳಸು" ಎಂದಳು. ಅವನು ಹಳೆಯವನ್ನು ಅಳಿಸಿ, ಆ ಜಾಗದಲ್ಲಿ ಹೊಸವನ್ನು ತುಂಬಿ, ಕಡೆಗೆ ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿ ಕಾರ್ಡು ಕೊಟ್ಟ. ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಗಂಟು ಮುಟ್ಟಿ ನೋಡಿಕೊಳ್ಳುತ್ತ ಊರಿಗೆ ಬಂದಳು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಚ್ಚಿದಳು. ಶಮಶುದ್ದೀನ ಹಾಡತೊಡಗಿದ. ಪದ ಎತ್ತುವ ಮೊದಲು ಅವನು ಯಾವಾಗಲೂ ಕೆಮ್ಮುತ್ತಿದ್ದ ಆ ಸಣ್ಣ ಕೆಮ್ಮೂ ಇತ್ತು. ಜನ್ನತಬಿ ಅತ್ತಳು, ಮನಸಾರೆ ಅತ್ತಳು. ಕಣ್ಣೊರೆಸಿಕೊಂಡು ಕಡೆಯ ನುಡಿಗಾಗಿ ಕಾದಳು. ಅದು ಬರುವ ಮೊದಲೇ ದನಿ ಕಡಿದುಹೋಯಿತು. ಮತ್ತೊಂದು ಪದ ಹಚ್ಚಿದಳು, ಅದೂ ಹಾಗೆ. ಹಚ್ಚಿದ್ದೆಲ್ಲ ಹಾಗೆಯೇ. ಯಾವ ಪದದಲ್ಲೂ ಹೆಸರಿಲ್ಲ! ಕೆಲವು ಪದಗಳು ನಡುವೆಯೇ, ಅರ್ಧ ಮಾತಿನಲ್ಲೇ ತುಂಡಾಗಿದ್ದವು. ಕಳ್ಳತನ ಗೊತ್ತಾಗಬಾರದೆಂದು ಅಂಗಡಿಯವನು ಬೇಕೆಂದೇ ಹಾಗೆ ಕಡಿದಿದ್ದಾನೆ ಎಂದು ಅವಳು ಅದಕ್ಕೂ ಅರ್ಥ ಹಚ್ಚಿದಳು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು.

"ಮಾವ ಅಳಿಯ ಕೂಡಿ ನನ್ನ ಗಂಡನ ಹೆಸರಿಗೇ ಕತ್ತರಿ ಹಾಕಿದ್ರೇನು?"

ಸಿದ್ದಲಿಂಗ ಕಕ್ಕಾಬಿಕ್ಕಿಯಾದ. ಕಾರ್ಡು ಹಾಕಿ ನೋಡಿದ. ಒಂದೊಂದನ್ನೇ ಹಚ್ಚಿದಂತೆ ಅವನ ಮುಖ ಸಣ್ಣದಾಯಿತು. ಎಲ್ಲವೂ ಐದೈದು ನಿಮಿಷಕ್ಕೆ ಸರಿಯಾಗಿ ನಿಂತಿದ್ದವು.

"ಇದು ಪುಕ್ಕಟೆ ಸಾಫ್ಟ್‌ವೇರ್ ಐತ್ರಿ ಅವ್ವಾರ. ಐದು ನಿಮಿಷದ ಮ್ಯಾಲಿಂದು ಬದಲಿ ಮಾಡೂದಿಲ್ಲ ಅಂತ ಕಾಣ್ತೈತಿ. ಸಿನಿಮಾ ಹಾಡು ಅಷ್ಟು ಉದ್ದ ಇರೂದಿಲ್ಲ, ಅದಕ್ಕ ನನಗ ಗೊತ್ತಾಗಿಲ್ಲ. ನೀವು ಕೇಳಾಕ ಬಿಟ್ಟಿದ್ರ ಆಗ ಗೊತ್ತಾಗ್ತಿತ್ತು."

"ಹಂಗಾರ ಹಳೇವು ತಗಿ, ಮತ್ತ ಮಾಡು."

"ಹಳೇವು ಅಳಸು ಅಂದ್ರಲ್ಲ."

ಅವನು ಬೇರೆ ಏನೇನೋ ಹಾಕಿ ಅಳಿಸಿದ್ದನ್ನು ಎತ್ತಲು ನೋಡಿದ. ಒಂದೂ ಬರಲಿಲ್ಲ. ಜನ್ನತಬಿ ಅದೇ ಸ್ಟೂಲಿನ ಮೇಲೆ ಕುಸಿದು ಕೂತಳು. ಕಳ್ಳನಿಗೆ ಸಿಗಬಾರದೆಂದು ತನ್ನ ಮನೆಯ ಗಂಟನ್ನು ತಾನೇ ಕೆರೆಗೆ ಎಸೆದಂತಾಗಿತ್ತು. ಆದರೂ ಆ ಹುಡುಗ ಹೇಳಿದ್ದು ಪೂರ್ತಿ ನಿಜವೆಂದು ಅವಳ ಮನಸ್ಸು ಒಪ್ಪಲಿಲ್ಲ.

"ಮಾವಾರಿಗೆ ಎಲ್ಲಾ ಪದಾನೂ ಬಾಯಾಗ ಅದಾವು" ಎಂದ ಸಿದ್ದಲಿಂಗ ಮೆಲ್ಲಗೆ. "ಅವರ ಕಡೆ ಹಾಡಿಸ್ಕೊಂಡು ಬರ್ರಿ."

ಹೋಗಬೇಕು ಎಂದುಕೊಂಡಳು ಜನ್ನತಬಿ. ಹಾಡಿಸಿಕೊಳ್ಳಲಿಕ್ಕಲ್ಲ, ಕಳ್ಳನನ್ನು ಮಾಲಿನ ಸಮೇತ ಹಿಡಿಯಲಿಕ್ಕೆ.

ದೇವಣಗಾಂವದಲ್ಲಿ ರಾಚಪ್ಪ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದ. ಇವಳನ್ನು ಕಂಡು ಮೊರ ಬಿಟ್ಟು ಎದ್ದ. "ಬರ್ರಿ ವೈನಿ. ಮೂರು ವರ್ಷಕ್ಕ ನಮ್ಮ ಮನಿ ದಾರಿ ನೆನಪಾತೇನ್ರಿ?" ಅವನ ಹೆಂಡತಿ ಚನ್ನವ್ವ ಚಹಾಕ್ಕಿಟ್ಟಳು. ಜನ್ನತಬಿ ಜಗಳದ ಮಾತನ್ನು ನಾಲಗೆಯ ಕೆಳಗೇ ಇಟ್ಟುಕೊಂಡು, ಪದಗಳು ಅರ್ಧಕ್ಕೇ ಕಡಿದ ಸಂಗತಿಯನ್ನಷ್ಟೇ ಹೇಳಿದಳು. ತನ್ನ ಫೋನಿನಲ್ಲಿ ಪದ ಹಚ್ಚಿ ಅವನ ಮುಂದಿಟ್ಟಳು. ಸೆರಗಿನ ಮರೆಯಲ್ಲಿ ರಾಜಬಿಯಿಂದ ಇಸಿದುಕೊಂಡು ತಂದಿದ್ದ ಇನ್ನೊಂದು ಫೋನಿನ ರೆಕಾರ್ಡ್ ಗುಂಡಿ ಒತ್ತಿದಳು.

ಶಮಶುದ್ದೀನ ಕೆಮ್ಮಿ ಪದ ಎತ್ತಿದ. ರಾಚಪ್ಪ ತಲೆ ತಗ್ಗಿಸಿದ. ದನಿ ಅರ್ಧ ಮಾತಿನಲ್ಲಿ ಕಡಿಯಿತು. ಉಳಿದರ್ಧ ಮಾತಿನಿಂದಲೇ, ಉಸಿರು ತಪ್ಪದೆ, ರಾಚಪ್ಪ ಹಿಡಿದುಕೊಂಡು ಮುಂದೆ ಹಾಡಿದ. ಹಾಡುತ್ತ ಹಾಡುತ್ತ ಕಡೆಯ ನುಡಿಗೆ ಬಂದ. ಜನ್ನತಬಿ ಸೆರಗಿನ ಮರೆಯ ಫೋನನ್ನು ಅವನತ್ತ ಸರಿಸಿದಳು.

ಪದ ಕಟ್ಟಿದವ ತಾಂಬಾದ ಶಮಶುದ್ದೀನ,
ಧಾಟಿ ಹಚ್ಚಿದವನೂ ಅವನೇ, ಶಮಶುದ್ದೀನ.

ರಾಜಬಿ ಹೇಳಿದ್ದು ಸುಳ್ಳಲ್ಲ. ಅವನು ಹೆಸರು ತಿರುವಿದ್ದ. ತೆಗೆದದ್ದು ತನ್ನ ಹೆಸರನ್ನು.

ಬೈಯಲೆಂದು ಕೂಡಿಟ್ಟುಕೊಂಡು ಬಂದ ಮಾತುಗಳೆಲ್ಲ ಜನ್ನತಬಿಗೇ ಚುಚ್ಚತೊಡಗಿದವು.

"ಅದು ಹಂಗಿಲ್ಲಲ್ಲ ಅಣ್ಣಾರ. ನಿಮ್ಮ ಹೆಸರು ಯಾಕ ತಗದ್ರಿ?"

ರಾಚಪ್ಪ ತೊಗರಿಯಲ್ಲಿ ಬೆರಳಾಡಿಸುತ್ತ ಕೂತ. "ಇಬ್ಬರೂ ಹಾಡೂವಾಗ ಅವನ ಹೆಸರು ನಾ ಹಾಡ್ತಿದ್ದೆ, ನನ್ನ ಹೆಸರು ಅವ ಹಾಡ್ತಿದ್ದ. ಈಗ ಅವ ಇಲ್ಲ. ನನ್ನ ಹೆಸರು ನಾನ ಹೆಂಗ ಹಾಡ್ಕೊಳ್ಳಲಿ ವೈನಿ? ನಾಚಿಕಿ ಬರ್ತೈತಿ."

ಇಷ್ಟು ವರ್ಷ ಕೇಳಿದ್ದಳು. ಯಾರ ಹೆಸರನ್ನು ಯಾರು ಹಾಡುತ್ತಾರೆ ಎಂದು ಜನ್ನತಬಿ ಒಮ್ಮೆಯೂ ಲಕ್ಷ್ಯ ಕೊಟ್ಟಿರಲಿಲ್ಲ. ಪಾಲು ಎಷ್ಟು ಹೋಯಿತು ಎಂಬುದರ ಮೇಲೆಯೇ ಅವಳ ಕಣ್ಣಿತ್ತು. ಸೆರಗಿನ ಮರೆಯ ಫೋನನ್ನು ತೆಗೆದು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟಳು.

"ಕಡೀ ನುಡಿ ಇನ್ನೊಮ್ಮೆ ಹಾಡ್ರಿ. ಮೊದಲಿನ ಸಾಲು ಅಷ್ಟ."

ರಾಚಪ್ಪ ಶಮಶುದ್ದೀನನ ಹೆಸರು ಹಾಡಿ ನಿಲ್ಲಿಸಿದ. ಗಂಡಸರ ಮುಂದೆ ಎಂದೂ ಹಾಡದ ಜನ್ನತಬಿ, ಜನ್ಮದಲ್ಲಿ ಸೇರದಿದ್ದ ಆ ಸಾಲನ್ನು ಒಡಕು ದನಿಯಲ್ಲಿ ಎತ್ತಿದಳು:

ಧಾಟಿ ಹಚ್ಚಿದವ ದೇವಣಗಾಂವದ ರಾಚಣ್ಣ.

ಒಲೆಯ ಮುಂದಿದ್ದ ಚನ್ನವ್ವ ಹೊರಗೆ ಬಂದು ನಿಂತಳು. ರಾಚಪ್ಪ ತಲೆಯ ಪಟಕಾದ ಚುಂಗಿನಿಂದ ಕಣ್ಣೊರೆಸಿಕೊಂಡ. ಜನ್ನತಬಿಗೆ ಮಾತ್ರ, ಫೋನು ಇದನ್ನು ಸರಿಯಾಗಿ ಹಿಡಿಯಿತೋ ಇಲ್ಲವೋ ಎಂದು ಸಂಶಯ ಬಂತು. ಅಲ್ಲಿಯೇ, ಅವರೆಲ್ಲರ ಎದುರಿಗೆ, ದನಿ ಜೋರು ಮಾಡಿ ಕಡೆಯತನಕ ಕೇಳಿದಳು.