ಹತ್ತರಲ್ಲಿ ಆರು

ರೋನಿ ಏಣಿ ಹತ್ತಿ ಕಟಪಾಡಿ ಪೇಟೆಯ ಕಂಬಕ್ಕೆ ಫ್ಲೆಕ್ಸಿನ ಹಗ್ಗ ಬಿಗಿಯುತ್ತಿದ್ದಾಗ ಕೆಳಗೆ ಸ್ಕೂಟರೊಂದು ಬಂದು ನಿಂತಿತು. ಫ್ಲೆಕ್ಸಿನಲ್ಲಿ ಅವನ ಅಣ್ಣ ಲಿಯೋನೆಲ್ ನಗುತ್ತಿದ್ದ. ಅಡಿಯಲ್ಲಿ ‘ಅಂತ್ಯಕ್ರಿಯೆ ಬುಧವಾರ ಸಂಜೆ ನಾಲ್ಕಕ್ಕೆ’ ಎಂದಿತ್ತು.

“ಅಂಕಲ್, ಅದನ್ನು ಕಟ್ಟಬೇಡಿ,” ಎಂದಳು ಚೈತಾಲಿ, ಹೆಲ್ಮೆಟ್ ಕೂಡ ತೆಗೆಯದೆ. “ನಾಲ್ಕು ಗಂಟೆಗೆ ಹೊರಗೆ ನಿಲ್ಲಲಿಕ್ಕೆ ಆಗುವುದಿಲ್ಲ.”

ರೋನಿ ತಲೆಯೆತ್ತಿ ನೋಡಿದ. ಅದೇ ಬುಧವಾರದ, ಡಿಸೆಂಬರಿನ ಬೆಳಗು. ತೊಳೆದಿಟ್ಟಂತಹ ಆಕಾಶ.

“ಎಂತ ಮಾರಾಯ್ತಿ, ಅವನು ಹೋದ ಮೇಲೆ ಈಗ ನೀನು ಶುರು ಮಾಡಿದೆಯಾ?”

ಚೈತಾಲಿ ಮಣಿಪಾಲದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ಹವಾಮಾನದ ನಕ್ಷೆ ಓದುವುದನ್ನು ಐದು ವರ್ಷ ಲಿಯೋನೆಲ್ ಪಕ್ಕದಲ್ಲಿ ಕೂತು ಕಲಿತಿದ್ದಳು.  ಅವಳು ನೇರ ಲಿಯೋನೆಲ್‌ನ ಮನೆಗೆ ಹೋದಳು.

ಲಿಯೋನೆಲ್‌ನ ಹೆಂಡತಿ ರೋಸಲಿನ್ ಶವಪೆಟ್ಟಿಗೆಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಚೈತಾಲಿ ಹೇಳಿದ್ದನ್ನು ಕೊನೆಯವರೆಗೆ ಕೇಳಿದಳು.

“ಎಷ್ಟು ಖಾತ್ರಿ?”

“ಭಾನುವಾರ ಲಿಯೋನೆಲ್ ಸರ್ ಹತ್ತರಲ್ಲಿ ಆರು ಅಂದಿದ್ದರು, ಆಂಟಿ. ಇವತ್ತು ಬೆಳಿಗ್ಗೆ ನಾನು ನೋಡಿದ್ದೂ ಅಷ್ಟೇ. ಒಂದು ಮಾಡೆಲ್ ಚಂಡಮಾರುತವನ್ನು ಇಲ್ಲಿಗೆ ತಿರುಗಿಸ್ತದೆ, ಇನ್ನೊಂದು ಒಮಾನಿಗೆ ಕಳಿಸ್ತದೆ.”

ಹಿಂದೆಯೇ ಬಂದಿದ್ದ ರೋನಿ ದನಿ ತಗ್ಗಿಸಿ ಹೇಳಿದ: “ಅತ್ತಿಗೆ, ಕಾರ್ಕಳದವರೆಲ್ಲ ನಾಲ್ಕಕ್ಕೆ ಅಂತ ಹೊರಡ್ತಾರೆ. ಸಮಯ ಬದಲಿಸಿ ಮಳೆ ಬರಲಿಲ್ಲ ಅಂತಾದರೆ ಜನ ಏನು ಹೇಳಿಯಾರು? ಮಣ್ಣು ಮಾಡುವ ದಿನವೂ ಅವನನ್ನು ನಗೆಪಾಟಲು ಮಾಡಬೇಕಾ?”



* * *

ಲಿಯೋನೆಲ್ ಮೀನುಗಾರಿಕೆ ದೋಣಿಗಳ ವೈರ್‌ಲೆಸ್ ರಿಪೇರಿ ಮಾಡುತ್ತಿದ್ದ. ಸಮುದ್ರದ ಬಿಸಿ, ಗಾಳಿ, ಒತ್ತಡಗಳನ್ನು ಲೆಕ್ಕ ಹಾಕಿ ಹತ್ತು ದಿನ ಮುಂದಿನ ಆಕಾಶವನ್ನು ತೋರಿಸುವ ಕಂಪ್ಯೂಟರ್ ಮಾಡೆಲ್‌ಗಳು ಯಾರು ಬೇಕಾದರೂ ನೋಡುವಂತೆ ಇವೆ ಎಂದು ತಿಳಿದ ದಿನದಿಂದ ಅವನ ಅಂಗಡಿಯ ಮೇಜಿನ ಮೇಲೆ ಒಂದು ಪರದೆ ಉರಿಯುತ್ತಲೇ ಇತ್ತು. ಕಾಪುವಿನ ದೋಣಿಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಧ್ವನಿಸಂದೇಶ ಹಾಕುತ್ತಿದ್ದ. ಮಳೆಗಾಲ ಮುಗಿದ ಮೇಲೆ ಏಳುವ ಚಂಡಮಾರುತಗಳ ಮೇಲೆ ಅವನಿಗೆ ವಿಶೇಷ ಕಣ್ಣು. ಆಗ ಸಮುದ್ರ ನಂಬಿಸಿ ಕರೆಯುತ್ತದೆ ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ, ಇದೇ ತಿಂಗಳು, ಎಲ್ಲ ಮಾಡೆಲ್‌ಗಳೂ ಒಂದೇ ಮಾತು ಹೇಳಿದವು. “ಖಂಡಿತ ಬರ್ತದೆ, ಹೋಗಬೇಡಿ,” ಎಂದ ಲಿಯೋನೆಲ್. ದೋಣಿಗಳು ನಾಲ್ಕು ದಿನ ದಡದಲ್ಲಿ ಉಳಿದವು. ಚಂಡಮಾರುತ ಬೇರೆಡೆಗೆ ತಿರುಗಿತು. ಬೇರೆ ಊರಿನ ದೋಣಿಗಳು ಕಾಪುವಿನ ಎದುರಿನಲ್ಲೇ ಬಂಗುಡೆ ಬಾಚಿಕೊಂಡು ಹೋದವು.

ದೋಣಿ ಮಾಲೀಕ ಭೋಜ ಅಂಗಡಿಗೇ ಬಂದ. ಕಡಲ ಕಡೆಯವರು ಕ್ರೈಸ್ತರನ್ನು ಕರೆಯುವಂತೆ ಅವನೂ ಲಿಯೋನೆಲ್‌ನನ್ನು ಪೊರ್ಬುಗಳು ಎನ್ನುತ್ತಿದ್ದ. “ಪೊರ್ಬುಗಳೇ, ನೀವು ವೈರ್‌ಲೆಸ್ ರಿಪೇರಿ ಮಾಡಿ, ಸಾಕು. ಕಡಲನ್ನು ನಾವು ನೋಡಿಕೊಳ್ಳುತ್ತೇವೆ.” ಅಂದು ಸಂಜೆ ಲಿಯೋನೆಲ್ ಗುಂಪಿನಿಂದ ಹೊರಬಂದ. ಚರ್ಚಿನಲ್ಲಿ ಹೆಂಗಸರು ರೋಸಲಿನ್‌ಳನ್ನು, “ಇವತ್ತು ಕೊಡೆ ತರಬೇಕಿತ್ತಾ?” ಎಂದು ಕೇಳಿ ನಗುತ್ತಿದ್ದರು. “ಆ ಪರದೆ ಆರಿಸಿಬಿಡಿ,” ಎಂದು ಅವಳು ಗಂಡನಿಗೆ ಹೇಳಿದ್ದಳು, ಒಂದು ಸಲವಲ್ಲ. ಅವನು ಆರಿಸಲಿಲ್ಲ. ಬಾಗಿಲು ಹಾಕಿಕೊಂಡು ನೋಡತೊಡಗಿದ.

ಕಳೆದ ಭಾನುವಾರ ಮಾತ್ರ ಅವನಿಗೆ ಕೂರಲಾಗಲಿಲ್ಲ. ಹವಾಮಾನ ಇಲಾಖೆಯಿಂದ ಇಡೀ ಕರಾವಳಿಗೆ ಎಚ್ಚರಿಕೆ ಬಂದಿತ್ತು. ಡಿಸೆಂಬರಿನಲ್ಲಿ ಇದು ಇದ್ದದ್ದೇ ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನು ಕಾಪುವಿನ ದಡಕ್ಕೆ ಹೋಗಿ ಬಲೆ ಸರಿಪಡಿಸುತ್ತಿದ್ದವರ ನಡುವೆ ನಿಂತ.

“ಬುಧವಾರ ಮೂರರಿಂದ ನಾಲ್ಕರ ಒಳಗೆ ಗಾಳಿ ಬರ್ತದೆ. ಹತ್ತರಲ್ಲಿ ಆರು.”

“ಉಳಿದ ನಾಲ್ಕು?” ಭೋಜ ತಲೆಯೆತ್ತದೆ ಕೇಳಿದ.

“ಉಳಿದ ನಾಲ್ಕಾದರೆ ಗುರುವಾರ ಇಲ್ಲಿಗೇ ಬರುತ್ತೇನೆ. ಬೈಯಿರಿ.”

ಸೋಮವಾರ ಮತ್ತೆ ಹೋದ. ಮನೆಗೆ ಬಂದವನು ಬಚ್ಚಲಲ್ಲಿ ಕಾಲಿನ ಮರಳು ತೊಳೆಯುತ್ತಾ, ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಾಗ ಜೀವವಿರಲಿಲ್ಲ.

* * *

“ಫಾದರಿಗೆ ಫೋನ್ ಮಾಡು,” ಎಂದಳು ರೋಸಲಿನ್ ರೋನಿಗೆ. “ಹನ್ನೆರಡಕ್ಕೆ ಮಾಡುವ.”

“ಅತ್ತಿಗೆ—”

“ಎರಡು ವರ್ಷ ನಾನೂ ಅವರನ್ನು ನಂಬಲಿಲ್ಲ. ಇವತ್ತೊಂದು ದಿನ ನಂಬುತ್ತೇನೆ.”

ಹನ್ನೆರಡಕ್ಕೆ ಚರ್ಚಿನ ಅರ್ಧ ಬೆಂಚುಗಳು ಖಾಲಿ ಇದ್ದವು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೊನೆಯ ಬೆಂಚಿನ ಹಿಂದೆ ಭೋಜ ನಿಂತಿದ್ದ. ಪೂಜೆ ಮುಗಿದು ಪೆಟ್ಟಿಗೆ ಹೊರಗೆ ಬಂದಾಗ ಅವನು ರೋನಿಯನ್ನು ಕೇಳಿದ: “ನಾಲ್ಕಕ್ಕೆ ಅಂತ ಕೇಳಿದ್ದೆ. ಎಂತ ಬದಲಾದದ್ದು?”

ರೋನಿ ಮುಖ ತಿರುಗಿಸಿದ. ರೋಸಲಿನ್ ನಿಂತಳು.

“ಗಾಳಿ ಬರ್ತದೆ ಅಂತ. ನಿಮಗೂ ಹೇಳಿದ್ದಾರಲ್ಲ?”

“ಬಾಯಮ್ಮ, ಈ ಸಲವೂ ಸುಳ್ಳಾದರೆ?”

“ನಗುವವರು ನನ್ನನ್ನು ನೋಡಿ ನಗಲಿ. ಅವರಿಗೆ ಇನ್ನು ಕೇಳಿಸುವುದಿಲ್ಲ.”

 ಮುಂಜಾನೆ ಕಡಲಿಗೆ ಹೋದ ಏಳು ದೋಣಿಗಳಲ್ಲಿ ಒಂದು ಭೋಜನದು. ಅದರಲ್ಲಿ ಅವನ ಮಗ ಪ್ರಖ್ಯಾತ್ ಇದ್ದ. ಗುಂಡಿಗೆ ಮಣ್ಣು ಹಾಕುವವರೆಗೂ ಭೋಜ ನಿಲ್ಲಲಿಲ್ಲ. ಬೈಕ್ ಹತ್ತಿ ದಡಕ್ಕೆ ಹೋಗಿ ವೈರ್‌ಲೆಸ್ ಹಿಡಿದು ದೋಣಿಗಳನ್ನು ವಾಪಸ್ ಕರೆದ.

ಆರು ದೋಣಿಗಳು ಗೊಣಗುತ್ತಲೇ ತಿರುಗಿದವು. ಏಳನೆಯದನ್ನು ನಡೆಸುತ್ತಿದ್ದ ಹೂವಪ್ಪನ ನಗು ಕೇಳಿಸಿತು: “ಸತ್ತ ಮೇಲೂ ಪೊರ್ಬುಗಳು ನಮ್ಮನ್ನು ಬಿಡುವುದಿಲ್ಲ ಅಲ್ವಾ? ಇನ್ನೊಂದು ಬಲೆ ಎಳೆದು ಬರ್ತೇನೆ, ಭೋಜಣ್ಣ.”

* * *

ಮೂರು ಗಂಟೆಯಾಯಿತು. ಎಲೆ ಅಲ್ಲಾಡಲಿಲ್ಲ.

ನಾಲ್ಕಾಯಿತು. ಕಾರ್ಕಳದಿಂದ ತಡವಾಗಿ ಬಂದ ನೆಂಟರು ಅಂಗಳದಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. “ಮಣ್ಣು ಹಾಕಲಿಕ್ಕೂ ಸಿಗಲಿಲ್ಲ, ಯಾವ ಗಾಳಿಗೋ ಹೆದರಿ,” ಎಂದಳು ಇಮೆಲ್ಡಾ, ಲಿಯೋನೆಲ್‌ನ ಅಕ್ಕ, ಎಲ್ಲರಿಗೂ ಕೇಳುವಂತೆ. ಚೈತಾಲಿ ಒಳಗೆ ಲಿಯೋನೆಲ್‌ನ ಗಾಳಿಯೊತ್ತಡದ ಮಾಪಕದ ಮುಂದೆ ಕೂತಿದ್ದಳು. ಮುಳ್ಳು ಇಳಿಯುತ್ತಿತ್ತು, ಗಾಳಿ ಹತ್ತಿರವಾಗುತ್ತಿರುವ ಗುರುತು. ಹೊರಗೆ ಹೋಗಿ ಹೇಳುವ ಧೈರ್ಯ ಅವಳಿಗಾಗಲಿಲ್ಲ.

ಕಾಗೆಗಳು ಪೂರ್ವಕ್ಕೆ ಹಾರಿದವು. ನಾಲ್ಕು ನಲವತ್ತಕ್ಕೆ ಪಡುವಣ ದಿಕ್ಕು ತಾಮ್ರದ ಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ಕಪ್ಪಾಯಿತು. ಮೊದಲ ಹೊಡೆತಕ್ಕೇ ಅಂಗಳದ ಕುರ್ಚಿಗಳು ಬೇಲಿ ದಾಟಿದವು. ಮನೆಯ ಹಿಂದಿನ ತೆಂಗು ನಡು ಮುರಿದು ಬಿತ್ತು. ಇಮೆಲ್ಡಾ ಜಪಸರ ಹಿಡಿದು ಒಳಗೆ ಓಡಿದಳು.

ರೋಸಲಿನ್ ಹೊರಗೆ ಹೊರಟಿದ್ದಳು.

“ಎಲ್ಲಿಗೆ ಆಂಟಿ?”

“ಮಣ್ಣು ಇನ್ನೂ ಕೂತಿಲ್ಲ, ಚೈತಾಲಿ. ಕೊಚ್ಚಿಕೊಂಡು ಹೋಗ್ತದೆ.”

ತಡೆಯಲಾಗದೆ ಚೈತಾಲಿ ಜೊತೆಗೆ ಹೋದಳು. ಚರ್ಚಿನ ಹಿಂದಿನ ದಿಬ್ಬ ಏರುವಷ್ಟರಲ್ಲಿ ಇಬ್ಬರೂ ಎರಡು ಸಲ ಬಿದ್ದರು. ಸಮಾಧಿಯ ಹತ್ತಿರ ಆಗಲೇ ಜನರಿದ್ದರು. ಗಾಳಿಗೆ ಸ್ವಲ್ಪ ಮೊದಲು ದಡ ಮುಟ್ಟಿದ್ದ ಪ್ರಖ್ಯಾತ್ ಮತ್ತು ಅವನ ಸಂಗಡಿಗರು ದೋಣಿಯ ನೀಲಿ ಟಾರ್ಪಾಲನ್ನು ಕೆಂಪು ಮಣ್ಣಿನ ಮೇಲೆ ಹಾಸಲು ಒದ್ದಾಡುತ್ತಿದ್ದರು. ಅದು ಗಾಳಿಗೆ ಹಾಯಿಯಂತೆ ಉಬ್ಬಿ ಅವರನ್ನೇ ಎಳೆಯುತ್ತಿತ್ತು. ರೋಸಲಿನ್ ಒಂದು ಮೂಲೆಯ ಮೇಲೆ ಮೊಣಕಾಲೂರಿ ಕೂತಳು. ಚೈತಾಲಿ ಇನ್ನೊಂದರ ಮೇಲೆ. ಪ್ರಖ್ಯಾತ್ ಮೂರನೆಯದನ್ನು ಎದೆಯ ಕೆಳಗೆ ಒತ್ತಿಕೊಂಡ.

ನಾಲ್ಕನೆಯ ಮೂಲೆಯ ಮೇಲೆ ಭೋಜ ಕೂತಿದ್ದ, ಪಡುವಣಕ್ಕೆ ಮುಖ ಮಾಡಿ. ಒಂದು ಕೈಯಲ್ಲಿ ಟಾರ್ಪಾಲು, ಇನ್ನೊಂದರಲ್ಲಿ ವಾಕಿಟಾಕಿ. ಮಳೆ ಅವನ ಬಾಯಿಗೇ ಹೊಡೆಯುತ್ತಿತ್ತು.

“ಹೂವಪ್ಪ, ಕೇಳ್ತದಾ? ಹೂವಪ್ಪ…”

ವಾಕಿಟಾಕಿಯ ಗುಂಡಿ ಬಿಟ್ಟು ಕಿವಿಗೆ ಹಿಡಿಯುತ್ತಿದ್ದ. ಮತ್ತೆ ಒತ್ತುತ್ತಿದ್ದ.