ಏಳನೆಯ ಬೋಲ್ಟ್

ದನದ ಡಾಕ್ಟರಮ್ಮ ಕಾರನ್ನು ನಮ್ಮ ಗ್ಯಾರೇಜಿನ ಬಾಗಿಲಿಗೆ ತಂದು ನಿಲ್ಲಿಸಿ, "ಎಣ್ಣೆ ಸೋರ್ತಾ ಇದೆ ಕಣಮ್ಮ, ಸುಟ್ಟ ವಾಸನೆ ಬೇರೆ," ಎಂದು ಕೀ ನನ್ನ ಕೈಗಿಟ್ಟಾಗ ನಾನು ಮೊದಲು ನೋಡಿದ್ದು ಕಾರನ್ನಲ್ಲ, ಒಳಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡನನ್ನು. ಅವರಿಗೆ ಕೇಳಿಸಿತ್ತು. ಟೀ ಲೋಟ ಕೆಳಗಿಟ್ಟು, ಎದ್ದು, ಹಿಂದಿನ ಕೋಣೆಗೆ ಹೋಗಿ ಫೋನು ಹಚ್ಚಿದರು. ಯಾರಿಗೆ ಅಂತ ನನಗೆ ಗೊತ್ತಿತ್ತು.

ಎಂಟು ತಿಂಗಳ ಹಿಂದೆ ಇವರ ಬಲಗೈಗೆ ಲಕ್ವ ಹೊಡೆದಿತ್ತು. ನಿಧಾನಕ್ಕೆ ಕೈ ಎದ್ದಿತು, ಬೆರಳು ಮಡಚಿದವು, ಆದರೆ ಏನಾದರೂ ಹಿಡಿದರೆ ಇವತ್ತಿಗೂ ಸಣ್ಣಗೆ ನಡುಗುತ್ತದೆ. ಆ ಕೈಯಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೊದಲ ಎಂಜಿನ್ ಈ ಡಾಕ್ಟರಮ್ಮನ ಕಾರಿನದು. ಹೋದ ವಾರ ಕಾರು ಇಲ್ಲಿಂದ ಹೊರಡುವಾಗ, ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಇಟ್ಟಿರುವ ಬೋಳು ಮೇಸ್ತ್ರಿಯ ಎದುರು ಇವರು ಒಂದು ಮಾತು ಆಡಿದ್ದರು. "ಈ ಎಂಜಿನ್ ಒಂದು ತೊಟ್ಟು ಸೋರಿದ್ರೂ ಸಾಕು, ಆವತ್ತಿಂದ ನಾನು ಸ್ಪ್ಯಾನರ್ ಮುಟ್ಟಲ್ಲ. ನನ್ನ ಸಾಮಾನಿನ ಪೆಟ್ಟಿಗೆ ನೀನೇ ಹೊತ್ಕೊಂಡು ಹೋಗು." ಮೇಸ್ತ್ರಿ ನಕ್ಕಿದ್ದ. ನನಗೆ ನಗು ಬಂದಿರಲಿಲ್ಲ. ಇವರು ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಬಗ್ಗುವವರಲ್ಲ.

ಕೋಣೆಯಿಂದ ಹೊರಗೆ ಬಂದವರು ಗೋಡೆಗೆ ಹೇಳುವಂತೆ ಹೇಳಿದರು. "ಹೆಡ್ ಗ್ಯಾಸ್ಕೆಟ್ಟೇ ಹೋಗಿರೋದು. ಪೆಟ್ಟಿಗೆ ತಗೊಳ್ಳಕ್ಕೆ ಬೋಳ ಮೂರು ಗಂಟೆಗೆ ಬರ್ತಾನೆ."

ಹತ್ತೊಂಬತ್ತು ದಿನಗಳಲ್ಲಿ ಅವರು ನನಗೆಂದು ಆಡಿದ ಮೊದಲ ಮಾತು ಅದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಹತ್ತೊಂಬತ್ತು ದಿನ ಉಂಡೆವು, ಮಲಗಿದೆವು, ಎದ್ದರೆ ಜಗಳ ಅಲ್ಲೇ ಕೂತಿರುತ್ತಿತ್ತು.

ತಪ್ಪು ನನ್ನದು ಎಂದು ಇವತ್ತು ಹೇಳಬಲ್ಲೆ. ಆಗ ಯಾರಾದರೂ ಹೇಳಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಆಗ ಡಾಕ್ಟರಮ್ಮನ ಕಾರಿನ ಎಂಜಿನ್ ಇನ್ನೂ ತಿರುಗುವ ಸ್ಟ್ಯಾಂಡಿನ ಮೇಲಿತ್ತು. ಇವರು ಅಡಿಭಾಗದ ಬೋಲ್ಟುಗಳನ್ನು ಬಿಗಿದು, ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ಇವರಿಗಿಂತ ಮೊದಲೇ ಬಂದು ನಾನು ಅದನ್ನು ಬುಡಮೇಲು ಮಾಡಿ, ಇವರು ಬಿಗಿದ ಒಂದೊಂದು ಬೋಲ್ಟನ್ನೂ ನನ್ನ ಕೈಯಿಂದ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಕೊನೆಯದಕ್ಕೆ ಬಂದಾಗ ಬಾಗಿಲಲ್ಲಿ ಇವರು ನಿಂತಿದ್ದರು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದರು.

ಸುಮ್ಮನಿರಬೇಕಿತ್ತು. ಸಿಕ್ಕಿಬಿದ್ದರೆ ನನಗೆ ಸಿಟ್ಟು ಇನ್ನೂ ಜಾಸ್ತಿ. "ನಿಮ್ಮ ಕೈ ಮೊದಲಿನ ಹಾಗಿದ್ದಿದ್ರೆ ನನಗ್ಯಾಕೆ ಬೇಕಿತ್ತು ಈ ಉಸಾಬರಿ," ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರು ತಿರುಗಿ ಹೊರಟರು. ನಾನು ಎಂಜಿನ್ನನ್ನು ದಡಕ್ಕನೆ ನೆಟ್ಟಗೆ ತಿರುಗಿಸಿ, ಮೇಲೆ ಬಟ್ಟೆ ಆಡಿಸಿ, ಮನೆಗೆ ಹೋದೆ. ಆಮೇಲೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಇವರು ಒಬ್ಬರೇ ಕೂರಿಸಿದರು. ಇಪ್ಪತ್ತಾರು ವರ್ಷ ನಾನು ಪಕ್ಕದಲ್ಲಿ ನಿಂತು ಒಂದು, ಎರಡು ಎಂದು ಬೋಲ್ಟಿನ ನಂಬರು ಕೂಗಿದ್ದೇನೆ, ಇವರು ಎಳೆದಿದ್ದಾರೆ. ಈ ಸಲ ಕೂಗುವವರು ಇರಲಿಲ್ಲ.

"ನೋಡದೆ ಹೇಗೆ ಹೇಳ್ತೀರಿ ಹೆಡ್ ಗ್ಯಾಸ್ಕೆಟ್ಟೇ ಅಂತ?" ಎಂದು ಈಗ ನಾನು ಇವರ ಬೆನ್ನಿಗೆ ಕೇಳಿದೆ. ಎಂಜಿನ್ನಿನ ಮೈಯಾದ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳ್ಳನೆಯ ಹಾಳೆ ಅದು. ಅಲ್ಲಿ ಸೋರಿದರೆ ಕೂರಿಸಿದವನ ಕೈಯನ್ನೇ ಎಲ್ಲರೂ ನೋಡುವುದು. "ಮೇಲಿನ ಟ್ಯಾಪೆಟ್ ಕವರಿಂದ ಇಳಿದ್ರೂ ಹಾಗೇ ಕಾಣುತ್ತಲ್ಲ?"

ಇವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಗಂಟೆ ಒಂಬತ್ತಾಗಿತ್ತು.

ನಾನು ಎಂಜಿನ್ನಿನ ಎಣ್ಣೆ ಹಿಡಿದ ಬದಿಯನ್ನು ಪೂರ್ತಿ ತೊಳೆದೆ, ಗಾಳಿ ಹಿಡಿದು ಒಣಗಿಸಿದೆ. ಆಮೇಲೆ ಮಕ್ಕಳ ಪೌಡರ್ ಡಬ್ಬಿ ತಂದು ಸುತ್ತ ಉದುರಿಸಿದೆ. ಇದು ನಮ್ಮ ಹಳೆಯ ಉಪಾಯ. ಎಣ್ಣೆ ಎಲ್ಲಿಂದ ಹೊರಟಿತೋ ಪೌಡರು ಮೊದಲು ಅಲ್ಲೇ ಒದ್ದೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಎಂಜಿನ್ ಹಚ್ಚಿ, ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಹಿಂಬದಿಗೆ ಹಿಡಿದು ಕೂತೆ. ಐದು ನಿಮಿಷ ಏನೂ ಇಲ್ಲ. ಹತ್ತು ನಿಮಿಷಕ್ಕೆ ಫ್ಯಾನು ತಿರುಗಿತು. ಕವರಿನ ಕೆಳಗೇ ಒದ್ದೆಯಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ರಬ್ಬರು ಕೆಟ್ಟಿದೆ ಎಂದು ಬದಲಾಯಿಸಿದರೆ ಮುಗಿಯಿತು, ಅದಕ್ಕೂ ಕೈಗೂ ಸಂಬಂಧವಿಲ್ಲ.

ಕವರಿನ ಕೆಳಗೆ ಬೆಳ್ಳಗೆ ಹಾಗೇ ಇತ್ತು. ಹಿಂದಿನ ಮೂಲೆಯಲ್ಲಿ, ಹೆಡ್ಡೂ ಬ್ಲಾಕೂ ಸೇರುವ ಗೆರೆಯಲ್ಲಿ, ಸಾಸಿವೆಯಷ್ಟು ಒಂದು ಬೂದು ಚುಕ್ಕೆ ಮೂಡಿತು. ನೋಡುತ್ತಿದ್ದಂತೆ ಅದು ಅಗಲವಾಗಿ ಕೆಳಗೆ ಇಳಿಯತೊಡಗಿತು. ಎಂಜಿನ್ ಆರಿಸಿದೆ. ಹೊರಗೆ ಮೆಟ್ಟಿಲ ಮೇಲೆ ಇವರ ಬೆನ್ನು ಅಲುಗಲಿಲ್ಲ.

ಬಿಸಿಯಲ್ಲಿ ಹೆಡ್ಡಿನ ಬೋಲ್ಟು ಮುಟ್ಟುವ ಹಾಗಿಲ್ಲ. ಎರಡೂವರೆ ಗಂಟೆ ಕಾದೆ. ಅಷ್ಟರಲ್ಲಿ ಮೂರು ಸಲ ನೆಲ ಗುಡಿಸಿದೆ, ಬೆಕ್ಕಿಗೆ ಬೈದೆ, ಇವರ ಮುಂದೆ ಊಟದ ಡಬ್ಬಿ ಇಟ್ಟು ಬಂದೆ. ಅದನ್ನು ಅವರು ತೆರೆಯಲಿಲ್ಲ. ನಾನೂ ಉಣ್ಣಲಿಲ್ಲ.

ತಣ್ಣಗಾದ ಮೇಲೆ ಕವರು ಬಿಚ್ಚಿ, ಟಾರ್ಕ್ ರೆಂಚನ್ನು ಲೆಕ್ಕಕ್ಕೆ ಸರಿಯಾಗಿ ತಿರುಗಿಸಿಟ್ಟುಕೊಂಡೆ. ಬೋಲ್ಟು ಬೇಕಾದಷ್ಟು ಬಿಗಿಯಾಗಿದ್ದರೆ ಅದು ಟಕ್ ಎನ್ನುತ್ತದೆ, ಬೋಲ್ಟು ಅಲುಗುವುದಿಲ್ಲ. ಸಡಿಲವಿದ್ದರೆ ಮೊದಲು ಬೋಲ್ಟು ತಿರುಗುತ್ತದೆ. ತಿರುಗಿದರೆ ಕೈ ಸೋತಿದೆ ಎಂದೇ ಅರ್ಥ, ಅದಕ್ಕೆ ಬೇರೆ ಸಾಕ್ಷಿ ಬೇಡ. ಯಾವುದನ್ನು ಮಾಡಿದ್ದಕ್ಕೆ ಇಷ್ಟು ದಿನ ಮಾತು ನಿಂತಿತ್ತೋ ಅದನ್ನೇ ಈಗ ಅವರ ಕಣ್ಣೆದುರಿಗೇ ಮಾಡಬೇಕಿತ್ತು. ಒಂದನೆಯದು ಟಕ್. ಎರಡು, ಟಕ್. ನನ್ನ ಅಂಗೈ ಬೆವೆತು ಹಿಡಿ ಜಾರುತ್ತಿತ್ತು. ಸೋರುವ ಮೂಲೆಯಲ್ಲಿರುವುದು ಏಳನೆಯ ಬೋಲ್ಟು. ಅದಕ್ಕೆ ಹಾಕಿ ಉಸಿರು ಬಿಗಿಹಿಡಿದು ಎಳೆದೆ. ಟಕ್. ಹತ್ತೂ ಹಾಗೇ.

ನನಗೆ ಅಳು ಬಂತು. "ಎಲ್ಲ ಸರಿಯಾಗಿದೆ ಕಣ್ರೀ, ಒಂದೂ ಸಡಿಲ ಇಲ್ಲ," ಎಂದು ಕೂಗಿದೆ.

"ಹಾಗಾದ್ರೆ ಎಣ್ಣೆ ಎಲ್ಲಿಂದ ಬಂತು?" ಎಂದರು ಅವರು, ತಿರುಗದೆಯೇ. "ಹಳೇ ಗ್ಯಾಸ್ಕೆಟ್ ಕೆರೆಯೋವಾಗ ಬ್ಲಾಕಿಗೆ ಗೀರು ಹಾಕಿದ್ದೀನಿ. ಆವತ್ತು ಕೈ ಒಂದೆರಡು ಸಲ ಜಾರಿತ್ತು. ನನಗೆ ಗೊತ್ತಿತ್ತು."

ಬೋಲ್ಟಿನ ಮೇಲೆ ಸಂಶಯಪಟ್ಟ ನನಗೆ ಆ ಗೀರು ಹೊಳೆದೇ ಇರಲಿಲ್ಲ. ಕೂದಲೆಳೆಯಷ್ಟು ಗೀರು ಸಾಕು, ಎಣ್ಣೆಗೆ ಅದೇ ಹೆದ್ದಾರಿ. ಇನ್ನು ಹೆಡ್ಡು ಎತ್ತದೆ ವಿಧಿಯಿರಲಿಲ್ಲ. ಪೈಪು, ಬೆಲ್ಟು, ವೈರು ಎಲ್ಲ ಬಿಡಿಸುವಷ್ಟರಲ್ಲಿ ಹೊರಗೆ ತಳ್ಳುಗಾಡಿಯ ಸದ್ದು ಕೇಳಿಸಿತು. ಬೋಳು ಮೇಸ್ತ್ರಿ ಬಂದಿದ್ದ. ಎಂಜಿನ್ ಇನ್ನೂ ಬಿಚ್ಚಿಕೊಂಡಿರುವುದು ನೋಡಿ, ಗಾಡಿಯನ್ನು ಹೊರಗೇ ಬಿಟ್ಟು, ತೋಳು ಮಡಚಿಕೊಂಡು ನನ್ನ ಪಕ್ಕ ನಿಂತ. ಕೆಟ್ಟವನಲ್ಲ ಅವನು. ಇವರ ಜೊತೆಗೇ ಕೆಲಸ ಕಲಿತವನು.

"ಹಿಡೀರಿ ಅತ್ತಿಗೆ," ಎಂದ. ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲೆ ನಂಬರಿನ ಪ್ರಕಾರ ಸಾಲಾಗಿಟ್ಟೆ. ಇಬ್ಬರೂ ಸೇರಿ ಹೆಡ್ಡನ್ನು ಎತ್ತಿ ಬೆಂಚಿನ ಮೇಲಿಟ್ಟೆವು. ನಾನು ಟಾರ್ಚು ತಂದು ಬ್ಲಾಕಿನ ಮೇಲೆ ಅಡ್ಡಲಾಗಿ ಬೆಳಕು ಬಿಟ್ಟೆ. ಉಗುರು ಆಡಿಸಿ ನೋಡಿದೆ, ಒಂದು ಸಲ ಅಲ್ಲ, ನಾಲ್ಕು ಸಲ. ಗೀರು ಇರಲಿಲ್ಲ. ನಡುಗುವ ಕೈ ಅಷ್ಟು ನುಣ್ಣಗೆ ಕೆರೆದಿತ್ತು. ಇವರ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಇಷ್ಟು ಚೊಕ್ಕ ನಾನು ನೋಡಿರಲಿಲ್ಲ.

"ಮತ್ತೆ ಏನಪ್ಪಾ ಇದು," ಎಂದು ಮೇಸ್ತ್ರಿ ಗ್ಯಾಸ್ಕೆಟ್ ಎತ್ತಿ ನೋಡಿದ. ಎಲ್ಲ ಕಡೆ ಹೆಡ್ಡು ಒತ್ತಿದ ಗುರುತು ಸ್ಪಷ್ಟವಾಗಿ ಬಿದ್ದಿತ್ತು. ಏಳನೆಯ ಬೋಲ್ಟಿನ ಸುತ್ತ ಮಾತ್ರ ಮಂಕಾಗಿತ್ತು. ಟಕ್ ಎಂದ ಬೋಲ್ಟು ಒತ್ತಿಯೇ ಇಲ್ಲ ಎಂದರೆ ಹೇಗೆ? ನಾನು ಹಲಗೆಯ ಮೇಲಿದ್ದ ಏಳನೆಯ ಬೋಲ್ಟು ಎತ್ತಿಕೊಂಡೆ. ಉಳಿದ ಒಂಬತ್ತರ ತುದಿಗಳು ಒಣಗಿದ್ದವು. ಇದರ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ತಂತಿಗೆ ಬಟ್ಟೆ ಸುತ್ತಿ ಅದರ ತೂತಿಗೆ ಇಳಿಸಿದೆ. ಬಟ್ಟೆ ತೊಯ್ದು ಮೇಲೆ ಬಂತು.

ಆ ತೂತಿಗೆ ಕೆಳಗೆ ಬಾಯಿಲ್ಲ. ಒಳಗೆ ಎಣ್ಣೆ ನಿಂತಿದ್ದರೆ ಬೋಲ್ಟು ಎಣ್ಣೆಯ ಮೇಲೆ ಕೂತು ಬಿಗಿಯುತ್ತದೆ. ರೆಂಚು ಟಕ್ ಎನ್ನುತ್ತದೆ, ಎಳೆದವನು ನಂಬುತ್ತಾನೆ, ಹೆಡ್ಡು ಮಾತ್ರ ಕೆಳಗೆ ಒತ್ತಿರುವುದಿಲ್ಲ. ಅದಕ್ಕೇ ಹೆಡ್ಡು ಕೂರಿಸುವ ಮೊದಲು ಹತ್ತೂ ತೂತನ್ನು ಒರೆಸಿ ಒಣಗಿಸಬೇಕು. ನಮ್ಮ ಗ್ಯಾರೇಜಿನಲ್ಲಿ ಆ ಕೆಲಸ ಮೊದಲಿನಿಂದ ನನ್ನದು.

ನಾನು ಒರೆಸಿದ್ದೆ. ಜಗಳದ ಹಿಂದಿನ ಸಂಜೆ ಹತ್ತನ್ನೂ ಒರೆಸಿ, ಗಾಳಿ ಹೊಡೆದು ಮುಗಿಸಿದ್ದೆ. ಹಾಗಾದರೆ ಈ ಎಣ್ಣೆ ಎಲ್ಲಿಯದು ಎಂದು ಬ್ಲಾಕನ್ನೇ ನೋಡುತ್ತ ನಿಂತೆ. ಏಳನೆಯ ತೂತಿನ ಪಕ್ಕದಲ್ಲೇ, ಅಡಿಯಿಂದ ಮೇಲಕ್ಕೆ ಎಣ್ಣೆ ಬರುವ ದಾರಿಯಿದೆ. ಎಂಜಿನ್ನನ್ನು ಬುಡಮೇಲು ಮಾಡಿದರೆ ಜೋಡಿಸುವಾಗ ಅಡಿಯಲ್ಲಿ ಹಾಕಿದ ಎಣ್ಣೆ ಅಲ್ಲಿಂದ ಹೊರಗೆ ಬರುತ್ತದೆ. ದಡಕ್ಕನೆ ಮತ್ತೆ ತಿರುಗಿಸಿದರೆ ಪಕ್ಕದ ತೂತಿಗೆ ಹರಿದು ಕೂರುತ್ತದೆ. ಬುಡಮೇಲು ಮಾಡಿದ್ದು ಯಾರು? ಇವರ ಬೋಲ್ಟುಗಳನ್ನು ಕದ್ದು ನೋಡಲು ಹೋದ ನಾನು. ಮೇಲಿನಿಂದ ಬಟ್ಟೆ ಆಡಿಸಿ ಕೈ ತೊಳೆದುಕೊಂಡವಳೂ ನಾನೇ.

ಮೇಸ್ತ್ರಿಗೂ ಅರ್ಧ ಅರ್ಥವಾಗಿತ್ತು. ದನಿ ಇಳಿಸಿ ಹೇಳಿದ. "ಅತ್ತಿಗೆ, ಗ್ಯಾಸ್ಕೆಟ್ ಪೀಸೇ ಸರಿಯಿಲ್ಲ ಅಂದ್ಬಿಡೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಆಸೆಯಾಯಿತು. ದೇವರಾಣೆ, ಆಸೆಯಾಯಿತು. ಒಂದು ಸಲ ಬಟ್ಟೆ ಇಳಿಸಿ ತೆಗೆದರೆ ತೂತು ಒಣಗುತ್ತದೆ, ನನ್ನ ಮಾನ ಉಳಿಯುತ್ತದೆ. ಆದರೆ ಗ್ಯಾಸ್ಕೆಟ್ ಮೇಲೆ ತಪ್ಪು ಹೊರಿಸಿದರೆ ಇವರು ನಂಬುವುದಿಲ್ಲ. ತಮ್ಮ ಕೈಯ ಸೋಲನ್ನು ನಾನು ಮುಚ್ಚುತ್ತಿದ್ದೇನೆ ಎಂದುಕೊಂಡು ಪೆಟ್ಟಿಗೆಯನ್ನು ತಾವೇ ಗಾಡಿಗೆ ಏರಿಸುತ್ತಾರೆ. ಆ ಕೈ ಮತ್ತೆ ಏಳುವುದಿಲ್ಲ.

ಬಾಗಿಲಿಗೆ ಹೋದೆ. "ರೀ, ಗೀರಿಲ್ಲ. ನಿಮ್ಮ ಕೈಯದ್ದು ಏನೂ ತಪ್ಪಿಲ್ಲ. ಏಳನೇ ತೂತಲ್ಲಿ ಎಣ್ಣೆ ಇದೆ. ನನ್ನಿಂದ ಆಗಿದ್ದು."

"ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡ," ಎಂದು ಇವರು ಎದ್ದರು. "ಪೆಟ್ಟಿಗೆ ಅಲ್ಲೇ ಇದೆ ಕಣೋ ಬೋಳ, ತಗೋ."

"ಆವತ್ತು ಎಂಜಿನ್ ತಿರುಗಿಸಿದ್ದು ಯಾರು? ನೀವೇ ಕಣ್ಣಾರೆ ನೋಡಿದ್ರಲ್ಲ," ಎಂದೆ. "ನಿಮ್ಮ ಮೇಲೆ ನಂಬಿಕೆ ಇಲ್ಲದೆ ತಿರುಗಿಸಿದೆ. ತಿರುಗಿಸಿದ್ದಕ್ಕೆ ಎಣ್ಣೆ ಇಳೀತು. ನಿಮ್ಮದೆಲ್ಲ ನೋಡಿದೆ, ನಂದು ನೋಡ್ಕೊಳ್ಳಲಿಲ್ಲ. ಬನ್ನಿ, ಬೈಯೋದಿದ್ರೆ ನೋಡಿ ಬೈರಿ."

ಇವರು ಬಂದರು. ತೊಯ್ದ ಬಟ್ಟೆ ನೋಡಿದರು, ಬೋಲ್ಟು ನೋಡಿದರು, ಮಂಕಾದ ಗುರುತಿನ ಮೇಲೆ ಬೆರಳಿಟ್ಟರು. ಎಣ್ಣೆಯ ದಾರಿಯಿಂದ ಏಳನೆಯ ತೂತಿಗೆ ಬೆರಳಿನಿಂದ ಒಂದು ಗೆರೆ ಎಳೆದರು. ಬಲಗೈ ನಡುಗುತ್ತಿತ್ತು. ಅದನ್ನು ಬಚ್ಚಿಟ್ಟುಕೊಳ್ಳಲಿಲ್ಲ.

"ಇಪ್ಪತ್ತಾರು ವರ್ಷ," ಎಂದರು ನಿಧಾನವಾಗಿ. "ನೀನು ಒರೆಸಿದ ತೂತನ್ನ ನಾನು ಒಂದು ದಿನಾನೂ ಬಗ್ಗಿ ನೋಡಿಲ್ಲ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ತಲೆ ತಗ್ಗಿಸಿಕೊಂಡು ಹತ್ತೂ ತೂತಿಗೆ ಮತ್ತೆ ಬಟ್ಟೆ ಇಳಿಸಿದೆ, ಗಾಳಿ ಹೊಡೆದೆ. ಮೇಸ್ತ್ರಿ ಪೆಟ್ಟಿಗೆಯ ಕಡೆ ಒಮ್ಮೆ, ಇವರ ಕಡೆ ಒಮ್ಮೆ ನೋಡಿ, "ಹಾಗಾದ್ರೆ ನಾನು ಹೊರಡ್ಲಾ?" ಎಂದ.

"ಇರು, ಹೆಡ್ ಎತ್ತಕ್ಕೆ ಜನ ಬೇಕು. ಹೊಸ ಗ್ಯಾಸ್ಕೆಟ್ ಆ ಕಪಾಟಲ್ಲಿದೆ, ತಾ," ಎಂದರು ಇವರು.

ಆಮೇಲೆ ನನ್ನ ಕೈಯಿಂದ ಟಾರ್ಚು ತೆಗೆದುಕೊಂಡರು. ಬಗ್ಗಿ ಒಂದನೆಯ ತೂತನ್ನು ನೋಡಿದರು. ಎರಡನೆಯದನ್ನು ನೋಡಿದರು. ಹೀಗೆ ಒಂದೂ ಬಿಡದೆ, ನಾನು ಎದುರಿಗೇ ನಿಂತಿರುವಾಗ. ಕೆಲಸ ಹಾಗೇ ಆಗಬೇಕಾದದ್ದು, ಅದರಲ್ಲಿ ತಪ್ಪಿಲ್ಲ. ಆದರೂ ಒಂದೊಂದು ಸಲ ಅವರು ಬಗ್ಗಿದಾಗಲೂ ಟಾರ್ಚು ಕಿತ್ತುಕೊಂಡು ಎದ್ದು ಹೋಗೋಣ ಅನ್ನಿಸುತ್ತಿತ್ತು. ಆವತ್ತು ಬಾಗಿಲಲ್ಲಿ ನಿಂತು ನೋಡಿದ ಅವರಿಗೂ ಹೀಗೇ ಆಗಿರಬೇಕು.

ಹತ್ತನ್ನೂ ನೋಡಿ ಮುಗಿಸಿ, ಟಾರ್ಚನ್ನು ನನಗೆ ವಾಪಸು ಕೊಟ್ಟರು.

"ನಾಲ್ಕನೇದು ಇನ್ನೊಂದು ಸಲ ಒರೆಸು," ಎಂದರು.

ನಾನು ಬಾಯಿ ಮುಚ್ಚಿಕೊಂಡು ಒರೆಸಿದೆ.