ಎರಡನೆಯ ಬ್ರೇಕು

ನನ್ನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲಿಗೆ. ಹದಿನಾಲ್ಕು ವರ್ಷ ಆ ಎರಡನೆಯ ಬ್ರೇಕನ್ನು ನಂಬಿಕೊಂಡೇ ಹೊಟ್ಟೆ ಹೊರೆದವಳು ನಾನು. ಬ್ಯಾಂಕಿನವರು, ಟೀಚರುಗಳು, ಗಂಡನ ಮಾತಿಗೆ ಹಟ ತೊಟ್ಟು ಬಂದ ಹೆಂಗಸರು, ಒಟ್ಟಿನಲ್ಲಿ ಸ್ಟಿಯರಿಂಗ್ ಹಿಡಿದೊಡನೆ ಉಸಿರಾಡುವುದನ್ನೇ ಮರೆಯುವವರಿಗೆಲ್ಲ ಕಾರು ಕಲಿಸಿದ್ದೇನೆ. ಆಮೇಲೆ ಹನ್ನೊಂದು ತಿಂಗಳು ಕಾರು ಕವರು ಹೊದ್ದುಕೊಂಡು ಮನೆಯ ಮುಂದೆ ಮಲಗಿತ್ತು. ನಾನು ದೊಡ್ಡಮ್ಮನ ಮಗನ ಅಂಗಡಿಯಲ್ಲಿ ಜೆರಾಕ್ಸ್ ಮಾಡುತ್ತಿದ್ದೆ.

ಆದದ್ದು ಇಷ್ಟು. ನನ್ನ ಹತ್ತಿರ ಕಲಿಯುತ್ತಿದ್ದ ಔಷಧಿ ಅಂಗಡಿಯವರು ತಮ್ಮ ಹನ್ನೊಂದನೆಯ ಕ್ಲಾಸಿನಲ್ಲಿ, ಮಾರ್ಕೆಟ್ಟಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವಾಗ, ಬ್ರೇಕು ಎಂದುಕೊಂಡು ಆಕ್ಸಿಲರೇಟರ್ ತುಳಿದರು. ಅಂಥ ತಪ್ಪು ಎಲ್ಲರೂ ಮಾಡುತ್ತಾರೆ. ನನ್ನ ಬ್ರೇಕು ಇರುವುದೇ ಅದಕ್ಕೆ. ಆ ದಿನ ಕಾರು ನಿಲ್ಲದೆ ಕಂಬಕ್ಕೆ ಹೊಡೆಯಿತು, ಅವರ ಬಲಗೈಯ ಮಣಿಕಟ್ಟು ಮುರಿಯಿತು. ನನ್ನ ಬ್ರೇಕು ಸಿಕ್ಕಿಹಾಕಿಕೊಂಡಿತ್ತು ಎಂದು ಎಲ್ಲರಿಗೂ ಹೇಳಿದೆ. ಮೆಕ್ಯಾನಿಕ್ ಕೇಬಲ್ಲನ್ನು ಹಿಂದೆ ಮುಂದೆ ಎಳೆದು ನೋಡಿ, ಎಣ್ಣೆ ಬಿಟ್ಟು, ತಲೆ ಕೆರೆದುಕೊಂಡು ಹೋದ. ನಿನ್ನ ತಪ್ಪೇನಿದೆ ಎಂದು ನೆಂಟರೆಲ್ಲ ಸಮಾಧಾನ ಮಾಡಿದರು. ಒಬ್ಬೊಬ್ಬರು ಹಾಗೆಂದಾಗಲೂ ನನಗೆ ಕಾರಿನ ಬೀಗದ ಕೈ ಮುಟ್ಟುವುದು ಇನ್ನಷ್ಟು ಕಷ್ಟವಾಯಿತು.

ಮತ್ತೆ ಶುರುಮಾಡಬೇಕೆಂದು ಆಸೆಯಿರಲಿಲ್ಲವೆಂದಲ್ಲ. ಜೆರಾಕ್ಸ್ ಯಂತ್ರ ಬಿಸಿಯಾಗುವಷ್ಟರಲ್ಲಿ ಫೋನಿನ ಎಐ ಹತ್ತಿರ ಕೇಳುತ್ತಿದ್ದೆ. ಅದು ಜಾಹೀರಾತು ಬರೆದುಕೊಟ್ಟಿತು, ಕ್ಲಾಸುಗಳ ವೇಳಾಪಟ್ಟಿ ಮಾಡಿಕೊಟ್ಟಿತು, ಕೇಳದಿದ್ದರೂ ಹತ್ತು ಸಲಹೆ ಕೊಟ್ಟಿತು. ಎಲ್ಲಕ್ಕೂ ಬೈದೆ. ಬೈಸಿಕೊಂಡು ಮುಖ ಊದಿಸಿಕೊಳ್ಳದ್ದು ಅದೊಂದೇ ಆದ್ದರಿಂದ ಧಾರಾಳವಾಗಿಯೇ ಬೈದೆ. ಕಡೆಗೆ ಅದು, ಹತ್ತಿರದವರೊಬ್ಬರಿಗೆ ಒಂದೇ ಒಂದು ಪಾಠ ಮಾಡಿ, ಅವರ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ ತನ್ನಿ, ಎಲ್ಲಿ ಅಳುಕುತ್ತೀರಿ ಎಂದು ನೋಡೋಣ ಎಂದಿತು.

ಹತ್ತಿರದವರು ಎಂದರೆ ಅತ್ತೆ. ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಸೂಜಿ ಚುಚ್ಚುವಾಗ ‘ನೋವಾಗಲ್ಲ’ ಎಂದು ಯಾರಿಗೂ ಸುಳ್ಳು ಹೇಳಿದವರಲ್ಲ. ನಾನು ವಾರವಾರ ಕಾರು ಒರೆಸಿ ಒಳಗೆ ಬರುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ನನಗೆ ಹೇಳದೆಯೇ ಹೋಗಿ ಕಲಿಕಾ ಲೈಸೆನ್ಸ್ ಮಾಡಿಸಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟರು. ಅರವತ್ತೆರಡರಲ್ಲಿ ಕಾರು ಕಲಿತು ಎಲ್ಲಿಗೆ ಹೋಗ್ತೀರಿ ಎಂದರೆ, ಮೊದಲು ಗೇಟು ದಾಟೋಣ ಎಂದರು.

ಶನಿವಾರ ಬೆಳಿಗ್ಗೆ ನಲವತ್ತು ನಿಮಿಷ ಪಾಠವಾಯಿತು. ಫೋನು ಡ್ಯಾಶ್‌ಬೋರ್ಡಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿತು. ಅತ್ತೆ ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಓಡಿಸಿದರೆಂದೇ ನನಗನ್ನಿಸಿತು, ಆದರೂ ಇಳಿಯುವಾಗ ಅವರ ಮುಖ ಗಂಟಿಕ್ಕಿತ್ತು. ಮಧ್ಯಾಹ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಎಐ ಬರೆದದ್ದನ್ನು ಓದಿದೆ. ನಲವತ್ತು ನಿಮಿಷದಲ್ಲಿ ನಾನು ‘ನಿಲ್ಸಿ’ ಎಂದದ್ದು ನಲವತ್ಮೂರು ಸಲ. ‘ಚೆನ್ನಾಗಿ ಮಾಡಿದ್ರಿ’ ಎಂದದ್ದು ಒಂದು ಸಲ. ಅದನ್ನೂ ಅತ್ತೆಗಲ್ಲ, ನಮಗೆ ದಾರಿ ಬಿಟ್ಟ ಲಾರಿಯವನಿಗೆ ಹೇಳಿದ್ದೆ, ಅವನಿಗೆ ಕೇಳಿಸಿರಲಿಕ್ಕಿಲ್ಲ.

ಕೆಳಗೆ ಇನ್ನೊಂದು ಸಾಲಿತ್ತು. ‘ಕಲಿಯುವವರು ಒಂಬತ್ತು ಸಲ, ನಾನು ಒತ್ತಲಿಲ್ಲ, ಅದಾಗೇ ನಿಂತಿತು ಎಂದಿದ್ದಾರೆ. ಕಾರಿನ ಬ್ರೇಕಿನಲ್ಲಿ ದೋಷವಿರಬಹುದು. ಮುಂದಿನ ಪಾಠಕ್ಕೆ ಮೊದಲು ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು.’

ಮೊದಲು ನಗು ಬಂತು. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ಊರಿಗೆಲ್ಲ ನಾನು ಹಂಚಿದ ಸುಳ್ಳನ್ನೇ ಈ ಯಂತ್ರ ನಿಜವೆಂದು ನಂಬಿ, ಕಾಳಜಿಯಿಂದ ನನಗೇ ತಂದು ಒಪ್ಪಿಸಿತ್ತು. ಬ್ರೇಕು ಸರಿಯಾಗಿದೆ, ಒಂಬತ್ತು ಸಲವೂ ಒತ್ತಿದ್ದು ನಾನು ಎಂದು ಬರೆದೆ. ಅಗತ್ಯವಿಲ್ಲದಾಗ ಯಾಕೆ ಒತ್ತಿದಿರಿ ಎಂದು ಕೇಳಿತು. ಅಗತ್ಯವಿದ್ದಾಗ ಒತ್ತಲಿಲ್ಲವಲ್ಲ, ಅದಕ್ಕೆ ಎಂದು ಬರೆದೆ. ಬರೆಯಲು ಹಿಡಿದ ಮೇಲೆ ಕೈ ನಿಲ್ಲಲಿಲ್ಲ. ಆ ದಿನವೂ ಬ್ರೇಕು ಸರಿಯಾಗಿಯೇ ಇತ್ತು. ಮುಂದಿನ ಕ್ಲಾಸಿನಾಕೆ ‘ಇವತ್ತು ಬರಲಾ?’ ಎಂದು ಮೆಸೇಜು ಹಾಕಿದ್ದಳು. ಇಳಿಜಾರಿನಲ್ಲಿ ನಾನು ಫೋನು ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಕಂಬ ಬಂದಿತ್ತು.

ಬೇರೆಯವರ ಹಾಗೆ ‘ನಿಮ್ಮ ತಪ್ಪಲ್ಲ’ ಎನ್ನಲಿಲ್ಲ ಅದು. ಇದು ಸಣ್ಣ ವಿಷಯವಲ್ಲ, ಆದರೆ ಸರಿಪಡಿಸಬೇಕಾದದ್ದು ಏನೆಂದು ಈಗ ಗೊತ್ತಾಯಿತು ಎಂದು ಬರೆದು, ಎರಡು ಪ್ರಶ್ನೆ ಕೇಳಿತು. ಇನ್ನು ಮುಂದೆ ಪಾಠದ ಹೊತ್ತಿಗೆ ಫೋನು ಎಲ್ಲಿರುತ್ತದೆ? ಪೆಟ್ಟು ತಿಂದವರಿಗೆ ಈ ವಿಷಯ ಗೊತ್ತಿದೆಯೇ?

ಕಾರಿನ ಹಿಂದಿನ ಡಿಕ್ಕಿಯಲ್ಲಿರುತ್ತದೆ ಎಂದು ಮೊದಲನೆಯದಕ್ಕೆ ಉತ್ತರ ಬರೆದೆ. ಎರಡನೆಯದಕ್ಕೆ ಉತ್ತರಿಸದೆ ಫೋನು ಮುಚ್ಚಿಟ್ಟು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮಾರನೆಯ ದಿನ ಫೋನನ್ನು ಡಿಕ್ಕಿಗೆ ಹಾಕಿ ಬಂದು ಕುಳಿತೆ. ಇವತ್ತು ರೆಕಾರ್ಡ್ ಇಲ್ಲವಾ ಎಂದು ಅತ್ತೆ ಕೇಳಿದರು. ಇಲ್ಲ ಎಂದೆ. ಅವರು ಬೀಗದ ಕೈ ತಿರುಗಿಸುವ ಮೊದಲೇ ಎಲ್ಲವನ್ನೂ ಹೇಳಿದೆ. ಎದುರಿಗಿದ್ದ ಗೇಟು ನೋಡುತ್ತಲೇ ಹೇಳಿದೆ, ಅವರ ಮುಖ ನೋಡುವಷ್ಟು ಧೈರ್ಯ ಇರಲಿಲ್ಲ.

ಅತ್ತೆ ಸೀಟ್‌ಬೆಲ್ಟ್ ಎಳೆದು ಹಾಕಿಕೊಂಡರು. ಆಮೇಲೆ, "ನಾನೂ ಒಂದ್ಸಲ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಟ್ಟಿದ್ದೆ," ಎಂದರು. "ಪುಣ್ಯಕ್ಕೆ ಏನೂ ಆಗ್ಲಿಲ್ಲ. ಡಾಕ್ಟರ ರೂಮು ಹತ್ತು ಹೆಜ್ಜೆ ದೂರ ಇತ್ತು. ಹೋಗಿ ಹೇಳೋದಕ್ಕೆ ಅರ್ಧ ದಿನ ತಗೊಂಡೆ. ನೀನು ಸ್ವಲ್ಪ ಜಾಸ್ತಿ ತಗೊಂಡಿದ್ದೀಯ, ಅಷ್ಟೇ. ಅವರ ಅಂಗಡಿಗೆ ದಾರಿ ಹೇಳು."

ಎಡಕ್ಕೆ, ನೇರ, ಬಲಕ್ಕೆ ಎಂದಷ್ಟೇ ಹೇಳುತ್ತ ಹೋದೆ. ಎರಡೂ ಪಾದಗಳನ್ನು ಮ್ಯಾಟಿನ ಮೇಲೆ ಊರಿದ್ದೆ. ಶಾಲೆಯ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ನನ್ನ ಕಾಲು ತಾನಾಗಿ ಎದ್ದಿತು, ಅಷ್ಟರಲ್ಲಿ ಕಾರು ನಿಂತಿತ್ತು.

"ಈ ಸಲ ನಾನೇ ಒತ್ತಿದ್ದು," ಎಂದರು ಅತ್ತೆ.

"ಗೊತ್ತು. ಚೆನ್ನಾಗಿ ಮಾಡಿದ್ರಿ."

ಅಂಗಡಿಯ ಮುಂದೆ ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಮಾಮೂಲಿ ದಿನವಾಗಿದ್ದರೆ ಮತ್ತೆ ನಿಲ್ಲಿಸಲು ಹೇಳುತ್ತಿದ್ದೆ. ಅಂಗಡಿಯವರು ಬಲಗೈಯಲ್ಲಿ ಕತ್ತರಿ ಹಿಡಿದು ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದೆ. ಆ ದಿನ ಬ್ರೇಕು ಕೆಟ್ಟಿರಲಿಲ್ಲ ಸಾರ್, ನಾನು ಫೋನು ನೋಡುತ್ತಿದ್ದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಕತ್ತರಿ ಕೆಳಗಿಟ್ಟರು.

"ಗೊತ್ತು ಮೇಡಂ. ನಾನು ನಿಮ್ಮ ಪಕ್ಕದಲ್ಲೇ ಕೂತಿದ್ನಲ್ಲ."

ಇಷ್ಟು ದಿನ ಈ ಮನುಷ್ಯನಿಂದಲೂ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ನಾಚಿಕೆಯಿಂದ ಕೌಂಟರಿನ ಗಾಜನ್ನೇ ನೋಡುತ್ತ ನಿಂತೆ. ಹಾಗಾದರೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಿದ್ದು ನಾನು. ನೀವು ಬ್ರೇಕ್ ಕೆಟ್ಟಿತ್ತು ಅಂದ್ರಿ. ನನಗೂ ಅನುಕೂಲವೇ ಆಯ್ತು. ಮನೇಲೂ ಹಾಗೇ ಹೇಳ್ದೆ." ಅವರು ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿಕೊಂಡರು. "ಅವತ್ತಿಂದ ಕಾರು ಮುಟ್ಟಿಲ್ಲ ನಾನು. ಫೋನ್ ಈಗ ಎಲ್ಲಿದೆ?"

"ಡಿಕ್ಕೀಲಿ."

ಅವರು ಹೊರಗೆ ಫುಟ್‌ಪಾತ್ ಹತ್ತಿದ ಕಾರನ್ನೂ ಸ್ಟಿಯರಿಂಗ್ ಬಿಡದೆ ಕುಳಿತ ಅತ್ತೆಯನ್ನೂ ನೋಡಿದರು. ನಾಳೆ ಬರಬಹುದಾ ಎಂದು ಕೇಳಿದರು. ಮೊದಲು ಆ ಪಾರ್ಕಿಂಗಿಗೇ ಇಳಿಯಬೇಕು, ಇಲ್ಲದಿದ್ದರೆ ಆಗುವುದಿಲ್ಲ ಎಂದರು. ನನಗೆ ಹೆದರಿಕೆಯಾಯಿತು, ಈಗಲೂ ಇದೆ. ಬೆಳಿಗ್ಗೆ ಏಳು ಗಂಟೆಗೆ ಬನ್ನಿ ಎಂದೆ.

ಕಾರಿಗೆ ಬಂದು ಕುಳಿತಾಗ ಏನಂದರು ಎಂದು ಅತ್ತೆ ಕೇಳಿದರು. ನಾಳೆ ಅವರ ಹನ್ನೆರಡನೆಯ ಕ್ಲಾಸು ಎಂದೆ. ಅತ್ತೆ ತಲೆಯಾಡಿಸಿ ಬೀಗದ ಕೈ ತಿರುಗಿಸಿದರು. ಕಾರು ಒಂದು ಸಲ ಜಿಗಿದು ಸುಮ್ಮನಾಯಿತು.

"ಅದಾಗೇ ನಿಂತಿತು," ಎನ್ನುತ್ತ ಅವರು ಬಗ್ಗಿ ನನ್ನ ಕಾಲು ನೋಡಿದರು. ಎರಡೂ ಮ್ಯಾಟಿನ ಮೇಲೇ ಇದ್ದವು.

"ಕ್ಲಚ್ ಬೇಗ ಬಿಟ್ರಿ, ಅತ್ತೆ," ಎಂದೆ. "ಇನ್ನೊಂದ್ಸಲ ಸ್ಟಾರ್ಟ್ ಮಾಡಿ."